ಲೆಕ್ಕ ಹೇಳಿ, ಗುರುತು ಬಿಟ್ಟುಕೊಡಬೇಡಿ: ಆದಾಯ ಮತ್ತು ನಿವೃತ್ತಿಯ ಉಳಿತಾಯವನ್ನು ಅಪರಿಚಿತರ ಮುಂದಿಡುವ ಬಗೆ

ಹಾಸನ, ಚಿಕ್ಕಮಗಳೂರು ಜಿಲ್ಲೆಗಳ ಕಾಫಿ ಸೀಮೆಯಲ್ಲಿ ಯಾರ ತೋಟಕ್ಕೆ ಈ ಸಲ ಎಷ್ಟು ಮೂಟೆ ಬಂತು ಎಂಬುದು ಲಾರಿ ಕಾಫಿ ಬೀಜ ಸಂಸ್ಕರಿಸುವ ಕ್ಯೂರಿಂಗ್ ವರ್ಕ್ಸ್ ತಲುಪುವ ಮೊದಲೇ ಊರಿಗೆಲ್ಲ ತಿಳಿದಿರುತ್ತದೆ. ಅದೇ ಮನೆಯಲ್ಲಿ ಅರವತ್ತರ ನಂತರದ ಬದುಕಿಗೆ ಎಷ್ಟು ಹಣ ತೆಗೆದಿರಿಸಲಾಗಿದೆ ಎಂದು ಕೇಳಿದರೆ ಮಾತ್ರ ಮನೆಯವರೇ ಮುಖ ಮುಖ ನೋಡಿಕೊಳ್ಳುತ್ತಾರೆ. ಈ ವಿಷಯವನ್ನು ಯಾರ ಬಳಿ ಚರ್ಚಿಸಬೇಕು ಎಂಬುದೇ ಮೊದಲ ತೊಡಕು. ನೆಂಟರ ಬಳಿ ಬಾಯಿಬಿಟ್ಟರೆ ಆ ಮಾತು ಮುಂದಿನ ಮದುವೆ ಮನೆಯ ಪಂಕ್ತಿಯನ್ನು ತಲುಪುತ್ತದೆ; ಏಜೆಂಟರ ಬಳಿ ಹೋದರೆ ಪ್ರಶ್ನೆ ಮುಗಿಯುವ ಮೊದಲೇ ಪಾಲಿಸಿಯ ಅರ್ಜಿ ಮೇಜಿನ ಮೇಲೆ ಬರುತ್ತದೆ. ಹೀಗಾಗಿ ಅಂತರ್ಜಾಲದಲ್ಲಿ ಮುಖ ಕಾಣದ ಅಪರಿಚಿತರನ್ನು ಕೇಳುವವರು ನಮ್ಮ ಕಡೆಯೂ ಇದ್ದಾರೆ, ಮತ್ತು ಅದರಲ್ಲಿ ತಪ್ಪೇನೂ ಇಲ್ಲ. ನಿಮ್ಮ ಆಸ್ತಿಯಲ್ಲಿ ಪಾಲಿಲ್ಲದ, ನಿಮಗೆ ಏನನ್ನೂ ಮಾರಬೇಕಾಗಿಲ್ಲದ ವ್ಯಕ್ತಿ ಕೆಲವೊಮ್ಮೆ ಮನೆಯವರಿಗಿಂತ ನೇರವಾದ ಮಾತು ಹೇಳಬಲ್ಲ.

ಆದರೆ ಇಂಥ ಚರ್ಚೆಯ ಬಗ್ಗೆ ಸಾಮಾನ್ಯವಾಗಿ ಕೊಡುವ ಎಚ್ಚರಿಕೆ ನಮ್ಮ ಜಿಲ್ಲೆಗಳಿಗೆ ಸರಿಹೊಂದುವುದಿಲ್ಲ. ಹೆಸರು ಮತ್ತು ಫೋನ್ ನಂಬರ್ ಬರೆಯದಿದ್ದರೆ ಸಾಕು ಎನ್ನುವುದು ಮಹಾನಗರದವರ ಲೆಕ್ಕ. ಬೆಂಗಳೂರಿನಲ್ಲಿ ‘ಸಾಫ್ಟ್‌ವೇರ್ ಎಂಜಿನಿಯರ್, ವಯಸ್ಸು 38, ಇಬ್ಬರು ಮಕ್ಕಳು’ ಎಂದರೆ ಸಾವಿರಾರು ಜನರಲ್ಲಿ ಒಬ್ಬರು ಎಂದಾಯಿತು. ‘ಬಾಳೆಹೊನ್ನೂರಿನ ಹತ್ತಿರ 18 ಎಕರೆ ರೊಬಸ್ಟಾ ಕಾಫಿ, ಒಂದು ಹೋಂಸ್ಟೇ, ಮಗಳು ಮೈಸೂರಿನಲ್ಲಿ ಎಂಬಿಬಿಎಸ್’ ಎಂದರೆ ಆ ಕಡೆಯವರು ಮನೆಯ ನಾಯಿಯ ಹೆಸರನ್ನೂ ಹೇಳಿಬಿಡುತ್ತಾರೆ. ಇಲ್ಲಿ ಗುಟ್ಟು ಬಿಟ್ಟುಕೊಡುವುದು ರೂಪಾಯಿಯ ಅಂಕಿಯಲ್ಲ. ಊರು, ಬೆಳೆ, ಹುದ್ದೆ, ಮಕ್ಕಳ ಓದು. ಆದ್ದರಿಂದ ಲೆಕ್ಕವನ್ನು ಧಾರಾಳವಾಗಿ ಹೇಳಿ ಗುರುತನ್ನು ಬಿಗಿಯಾಗಿ ಹಿಡಿದುಕೊಳ್ಳುವುದೇ ಸರಿಯಾದ ಕ್ರಮ. ಹೆಚ್ಚಿನವರು ಇದನ್ನು ತಿರುವುಮುರುವಾಗಿ ಮಾಡುತ್ತಾರೆ: ಅಂಕಿಯನ್ನು ಮುಚ್ಚಿಟ್ಟು ಊರಿನ ವಿವರವನ್ನೆಲ್ಲ ಬರೆಯುತ್ತಾರೆ. ಅದರಿಂದ ಉಪಯುಕ್ತ ಉತ್ತರವೂ ಸಿಗುವುದಿಲ್ಲ, ಗುಟ್ಟೂ ಉಳಿಯುವುದಿಲ್ಲ.

ಬರೆಯುವ ಮೊದಲು ಲೆಕ್ಕ ಸರಿಪಡಿಸಿಕೊಳ್ಳಿ

ಅಪರಿಚಿತರು ಉತ್ತರಿಸಬೇಕಾದರೆ ಅವರಿಗೆ ಬೇಕಾದದ್ದು ಕೆಲವೇ ಸಂಗತಿಗಳು: ವಯಸ್ಸು ಮತ್ತು ನಿಮ್ಮನ್ನು ಅವಲಂಬಿಸಿರುವವರು, ವರ್ಷದ ಮನೆ ಖರ್ಚು, ಕೈಗೆ ಬರುವ ಆದಾಯ, ಉಳಿತಾಯ ಯಾವ ರೂಪದಲ್ಲಿದೆ, ಸಾಲ ಎಷ್ಟಿದೆ. ಇವುಗಳಲ್ಲಿ ಅತಿ ಮುಖ್ಯವಾದದ್ದು ಖರ್ಚು, ಅತಿ ಹೆಚ್ಚು ಜನ ಬಿಟ್ಟುಬಿಡುವುದೂ ಖರ್ಚನ್ನೇ. ನಿವೃತ್ತಿಗೆ ಎಷ್ಟು ಬೇಕು ಎಂಬುದು ನೀವು ಎಷ್ಟು ಗಳಿಸುತ್ತೀರಿ ಎನ್ನುವುದಕ್ಕಿಂತ ಎಷ್ಟು ಖರ್ಚು ಮಾಡುತ್ತೀರಿ ಎನ್ನುವುದನ್ನು ಅವಲಂಬಿಸಿದೆ. ಹಾಗಾಗಿ ಒಂದು ವರ್ಷದ ಬ್ಯಾಂಕ್ ಪಾಸ್‌ಬುಕ್ಕನ್ನು ಮುಂದಿಟ್ಟುಕೊಂಡು, ಮದುವೆ, ಜಾತ್ರೆ, ಆಸ್ಪತ್ರೆ, ಗಾಡಿ ರಿಪೇರಿಗಳನ್ನೂ ಸೇರಿಸಿ, ಒಂದು ಮೊತ್ತಕ್ಕೆ ಬಂದ ಮೇಲೆಯೇ ಪ್ರಶ್ನೆ ಬರೆಯಲು ಕುಳಿತುಕೊಳ್ಳಿ.

ಖಾಸಗಿ ಕಂಪನಿಯ ನೌಕರರು ಸಿಟಿಸಿಯನ್ನು, ಅಂದರೆ ಕಂಪನಿ ತಮಗಾಗಿ ಮಾಡುವ ಒಟ್ಟು ವೆಚ್ಚವನ್ನು, ಆದಾಯ ಎಂದು ಬರೆಯಬಾರದು. ಅದರಲ್ಲಿ ಮಾಲೀಕರು ಕಟ್ಟುವ ಪಿಎಫ್ ಪಾಲು, ಅನೇಕ ಕಡೆ ಗ್ರಾಚ್ಯುಟಿಯೂ ಸೇರಿರುತ್ತದೆ. ಪಿಎಫ್ ಪಾಸ್‌ಬುಕ್ಕಿನ ಅಂಕಿಗಳಲ್ಲೂ ಒಂದು ಸಾಮಾನ್ಯ ಗೊಂದಲವಿದೆ. ಅಲ್ಲಿ ನೌಕರರ ಪಾಲು, ಮಾಲೀಕರ ಪಾಲು, ಪಿಂಚಣಿ ಪಾಲು ಎಂದು ಮೂರು ಅಂಕಣಗಳಿವೆ, ಅನೇಕರು ಮೂರನ್ನೂ ಕೂಡಿಸಿ ‘ನನ್ನ ಪಿಎಫ್ ಇಷ್ಟು’ ಎನ್ನುತ್ತಾರೆ. ಮಾಲೀಕರು ಕಟ್ಟುವ ಶೇ 12ರಲ್ಲಿ ಶೇ 8.33 ಪಿಂಚಣಿ ಯೋಜನೆಗೆ ಹೋಗುತ್ತದೆ. 15,000 ರೂಪಾಯಿ ವೇತನ ಮಿತಿಯ ಮೇಲೆ ಲೆಕ್ಕ ಹಾಕಿದರೆ ತಿಂಗಳಿಗೆ 1,250 ರೂಪಾಯಿ. ಆ ಅಂಕಣದ ಹಣ ನಿಮ್ಮ ಹೆಸರಿನಲ್ಲಿ ಬಡ್ಡಿ ಗಳಿಸುವ ಗಂಟಲ್ಲ. ಪಿಂಚಣಿಯನ್ನು ವೇತನ ಗುಣಿಸು ಸೇವಾವಧಿ, ಭಾಗಿಸು 70 ಎಂಬ ಸೂತ್ರದಿಂದ ಕೊಡುತ್ತಾರೆ. 15,000 ರೂಪಾಯಿಯ ಮೇಲೆ 30 ವರ್ಷದ ಸೇವೆಗೆ ಅದು ತಿಂಗಳಿಗೆ ಸುಮಾರು 6,400 ರೂಪಾಯಿ, 20 ವರ್ಷ ಮೀರಿದವರಿಗೆ ಸೇರಿಸುವ 2 ವರ್ಷದ ಹೆಚ್ಚುವರಿಯೊಂದಿಗೆ 6,850ರ ಆಸುಪಾಸು. ಆದ್ದರಿಂದ ಮೊದಲ ಎರಡು ಅಂಕಣಗಳನ್ನು ಮಾತ್ರ ಉಳಿತಾಯವೆಂದು ತೋರಿಸಿ, ಪಿಂಚಣಿಯನ್ನು ಮುಂದಿನ ಆದಾಯವೆಂದು ಬೇರೆಯಾಗಿ ಬರೆಯಿರಿ.

ರಾಜ್ಯ ಸರ್ಕಾರಿ ನೌಕರರ ವಿಷಯದಲ್ಲಿ ಒಂದೇ ಒಂದು ದಿನಾಂಕ ಇಡೀ ಲೆಕ್ಕವನ್ನು ಬದಲಿಸುತ್ತದೆ. 2006ರ ಏಪ್ರಿಲ್ 1ಕ್ಕಿಂತ ಮೊದಲು ನೇಮಕವಾದವರಿಗೆ ಹಳೆಯ ಪಿಂಚಣಿ, ಆ ದಿನ ಅಥವಾ ಅನಂತರ ಬಂದವರಿಗೆ ನೌಕರರೂ ಸರ್ಕಾರವೂ ಕಟ್ಟುವ ವಂತಿಗೆಯ ಮೇಲೆ ನಿಂತ ಎನ್‌ಪಿಎಸ್. ಹಳೆಯ ಪಿಂಚಣಿಯವರು ‘ನನ್ನಲ್ಲಿ 15 ಲಕ್ಷ ಮಾತ್ರ ಉಳಿದಿದೆ, ಆದರೂ ನೆಮ್ಮದಿಯಾಗಿದ್ದೇನೆ’ ಎಂದರೆ ಆ ನೆಮ್ಮದಿಯ ಹಿಂದೆ ಜೀವನಪರ್ಯಂತ ತುಟ್ಟಿಭತ್ಯೆಯೊಡನೆ ಏರುವ ಪಿಂಚಣಿ ನಿಂತಿರುತ್ತದೆ. ಅದನ್ನು ಹೇಳದೆ ಅಂಕಿಯನ್ನಷ್ಟೇ ಹೇಳುವುದು ಓದುವ ಖಾಸಗಿ ನೌಕರನಿಗೆ ಮಾಡುವ ಅನ್ಯಾಯ. ನೀವು ಯಾವ ಪಿಂಚಣಿಗೆ ಸೇರಿದವರು ಎಂದು ತಿಳಿಸಿ. ಇಲಾಖೆಯ ಹೆಸರು ಬೇಕಾಗಿಲ್ಲ.

ತೋಟದವರ ಲೆಕ್ಕ ಇವೆರಡಕ್ಕಿಂತ ಕಷ್ಟವಾದದ್ದು, ಮತ್ತು ಅಪರಿಚಿತರಿಗೆ ಅತ್ಯಂತ ಕಡಿಮೆ ಅರ್ಥವಾಗುವಂಥದ್ದು. ಅರೇಬಿಕಾ ಒಂದು ವರ್ಷ ತುಂಬಿ ಬಂದರೆ ಮರುವರ್ಷ ಇಳಿಯುತ್ತದೆ. ಗಿಡ ಹೂ ಬಿಡಲು ಬೇಕಾದ ಹೂಮಳೆ ಕೈಕೊಟ್ಟರೆ ರೊಬಸ್ಟಾದ ಕಥೆಯೂ ಅಷ್ಟೇ. ಕಾಳುಮೆಣಸು ತನ್ನದೇ ದಾರಿಯಲ್ಲಿ ನಡೆಯುತ್ತದೆ. 2024-25ರಲ್ಲಿ ಕಾಫಿಯ ದರ ದಾಖಲೆಯ ಮಟ್ಟಕ್ಕೆ ಏರಿದ್ದನ್ನು ನೋಡಿ ಆ ಒಂದು ವರ್ಷದ ಮೊತ್ತವನ್ನು ‘ನನ್ನ ವಾರ್ಷಿಕ ಆದಾಯ’ ಎಂದು ಬರೆದರೆ, ತಿಂಗಳ ಸಂಬಳದವರು ಅದನ್ನು ಪ್ರತಿ ವರ್ಷ ಬರುವ ಹಣವೆಂದು ತಿಳಿದು ಅದಕ್ಕೆ ತಕ್ಕ ಸಲಹೆ ಕೊಡುತ್ತಾರೆ. ಸರಿಯಾದ ಕ್ರಮವೆಂದರೆ ಕಳೆದ ಐದು ವರ್ಷಗಳ ಮಾರಾಟದಿಂದ ಆಳುಕೂಲಿ, ಗೊಬ್ಬರ, ಔಷಧಿ, ಡೀಸೆಲ್, ಸಾಲದ ಬಡ್ಡಿ ಕಳೆದು ಉಳಿದದ್ದರ ಸರಾಸರಿ ತೆಗೆಯುವುದು, ಜೊತೆಗೆ ಅತಿ ಕೆಟ್ಟ ವರ್ಷ ಮತ್ತು ಅತಿ ಒಳ್ಳೆಯ ವರ್ಷದ ಅಂತರವನ್ನೂ ಹೇಳುವುದು. ಆ ಅಂತರ ತಿಳಿಯದೆ ತುರ್ತು ನಿಧಿ ಎಷ್ಟಿರಬೇಕೆಂದು ಯಾರೂ ಹೇಳಲಾರರು.

ತೆರಿಗೆಯ ವಿಷಯವನ್ನೂ ಒಂದು ಸಾಲಿನಲ್ಲಿ ತಿಳಿಸಬೇಕು. ಕೃಷಿ ಆದಾಯಕ್ಕೆ ಕೇಂದ್ರದ ಆದಾಯ ತೆರಿಗೆ ಇಲ್ಲ, ಆದರೆ ನಿಮಗೆ ಇತರ ಆದಾಯವಿದ್ದರೆ ಅದರ ತೆರಿಗೆ ದರವನ್ನು ನಿರ್ಧರಿಸುವಾಗ ಕೃಷಿ ಆದಾಯವನ್ನೂ ಲೆಕ್ಕಕ್ಕೆ ಹಿಡಿಯಲಾಗುತ್ತದೆ. ಬೆಳೆದ ಕಾಫಿಯನ್ನು ತಾವೇ ಕ್ಯೂರಿಂಗ್ ಮಾಡಿ ಮಾರುವವರ ಆದಾಯದಲ್ಲಿ ಶೇ 25, ಹುರಿದು ಪುಡಿ ಮಾಡಿ ಮಾರುವವರದ್ದರಲ್ಲಿ ಶೇ 40 ವ್ಯಾಪಾರದ ಆದಾಯವೆಂದು ತೆರಿಗೆಗೆ ಒಳಪಡುತ್ತದೆ. ಹೊರಗಿನವರಿಗೆ ಇದು ಗೊತ್ತಿರುವುದಿಲ್ಲವಾದ್ದರಿಂದ ನೀವೇ ಹೇಳಿಬಿಡುವುದು ಒಳ್ಳೆಯದು. ‘ಕೃಷಿಕರಿಗೆ ತೆರಿಗೆಯೇ ಇಲ್ಲ’ ಎಂದು ಆರಂಭವಾಗುವ ಜಗಳದಲ್ಲಿ ನಿಮ್ಮ ಪ್ರಶ್ನೆ ಕಳೆದುಹೋಗುವುದು ತಪ್ಪುತ್ತದೆ.

ಭೂಮಿಯನ್ನು ಉಳಿತಾಯದ ಮೊತ್ತಕ್ಕೆ ಸೇರಿಸಬೇಕೇ? ಮಾರುವ ಉದ್ದೇಶವಿಲ್ಲದಿದ್ದರೆ ಸೇರಿಸಬಾರದು ಎಂಬುದು ನನ್ನ ಅಭಿಪ್ರಾಯ; ಅದರಿಂದ ಬರುವ ಆದಾಯವನ್ನು ಮಾತ್ರ ಹಿಡಿಯಬೇಕು. ವಾಸದ ಮನೆಗೂ ಹೆಂಡತಿಯ ಒಡವೆಗೂ ಇದೇ ಮಾತು. ಇನ್ನು ಭಾಗವಾಗದ ಆಸ್ತಿಯಿದ್ದರೆ ವಿಷಯ ಸೂಕ್ಷ್ಮ. ಅಪ್ಪನ ಹೆಸರಿನಲ್ಲಿರುವ ತೋಟದಲ್ಲಿ ನಿಮ್ಮ ಪಾಲು ಎಷ್ಟು ಎನ್ನುವುದು ವಿಭಾಗಪತ್ರ ಆಗುವವರೆಗೆ ಊಹೆಯೇ ಸರಿ. ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲು ಎಂದು 2005ರ ಹಿಂದೂ ಉತ್ತರಾಧಿಕಾರ ತಿದ್ದುಪಡಿ ಹೇಳಿದೆ. ಅಕ್ಕತಂಗಿಯರನ್ನು ಲೆಕ್ಕದಿಂದ ಬಿಟ್ಟು ‘ನನ್ನ ಪಾಲು ಅರ್ಧ’ ಎಂದು ಬರೆಯುವವರು ಸಲಹೆಯನ್ನು ಮಾತ್ರವಲ್ಲ, ಮುಂದೊಂದು ದಿನ ವಕೀಲರ ನೋಟಿಸನ್ನೂ ಬರಮಾಡಿಕೊಳ್ಳಬಹುದು. ಬರೆದದ್ದು ಉಳಿದಿರುತ್ತದೆ, ಭಾವಂದಿರೂ ಓದುತ್ತಾರೆ.

ಗುರುತು ಎಲ್ಲೆಲ್ಲಿ ಅಡಗಿರುತ್ತದೆ

ಕರ್ನಾಟಕದಲ್ಲಿ ಪಹಣಿ ಗುಟ್ಟಿನ ಕಾಗದವಲ್ಲ. ಸರ್ಕಾರದ ಭೂದಾಖಲೆಗಳ ‘ಭೂಮಿ’ ಜಾಲತಾಣದಲ್ಲಿ ತಾಲ್ಲೂಕು, ಹೋಬಳಿ, ಗ್ರಾಮ ಮತ್ತು ಸರ್ವೆ ನಂಬರ್ ಹಾಕಿದರೆ ಯಾರು ಬೇಕಾದರೂ ಮಾಲೀಕರ ಹೆಸರು, ವಿಸ್ತೀರ್ಣ, ಅದರ ಮೇಲಿರುವ ಬ್ಯಾಂಕ್ ಸಾಲ ಎಲ್ಲವನ್ನೂ ನೋಡಬಹುದು. ಆದ್ದರಿಂದ ‘7 ಎಕರೆ 23 ಗುಂಟೆ’ ಎಂದು ಗುಂಟೆಯ ಮಟ್ಟಕ್ಕೆ ಬರೆದು ಊರಿನ ಹೆಸರನ್ನೂ ಸೇರಿಸುವುದು ಸಹಿ ಹಾಕಿದಂತೆಯೇ. ‘10 ಎಕರೆಗಿಂತ ಕಡಿಮೆ’, ‘ಮಲೆನಾಡಿನ ಒಂದು ಜಿಲ್ಲೆ’ ಎಂದರೆ ಪ್ರಶ್ನೆಗೆ ಏನೂ ಕೊರತೆಯಾಗುವುದಿಲ್ಲ. ಕಾಫಿ, ಏಲಕ್ಕಿ, ಅಡಿಕೆ ಎಂದು ಬೆಳೆಯ ಹೆಸರು ಹೇಳಲೇಬೇಕಾದರೆ ತಾಲ್ಲೂಕಿನ ಹೆಸರು ಬಿಡಿ; ತಾಲ್ಲೂಕು ಹೇಳಲೇಬೇಕಾದರೆ ಬೆಳೆಯನ್ನು ‘ತೋಟದ ಬೆಳೆ’ ಎನ್ನಿ. ಎರಡೂ ಒಟ್ಟಿಗೆ ಬೇಡ.

ಸರ್ಕಾರಿ ನೌಕರರ ಗುರುತು ಮೂಲ ವೇತನದಲ್ಲಿರುತ್ತದೆ. ರಾಜ್ಯದ 7ನೇ ವೇತನ ಆಯೋಗದ ಶ್ರೇಣಿಗಳು 2024ರ ಆಗಸ್ಟ್ 1ರಿಂದ ಜಾರಿಯಲ್ಲಿವೆ. 27,000 ರೂಪಾಯಿಯಿಂದ 2,41,200 ರೂಪಾಯಿವರೆಗಿನ ಪ್ರತಿಯೊಂದು ಮೆಟ್ಟಿಲೂ ಸರ್ಕಾರದ ಆದೇಶದಲ್ಲಿ ಮುದ್ರಿತವಾಗಿದೆ. ಮೂಲ ವೇತನವನ್ನು ರೂಪಾಯಿ ಬಿಡದೆ ಬರೆದರೆ ಹುದ್ದೆಯ ಶ್ರೇಣಿಯೂ ಸೇವೆಯ ಅಂದಾಜೂ ಹೊರಬೀಳುತ್ತವೆ. ಮನೆ ಬಾಡಿಗೆ ಭತ್ಯೆಯ ಪ್ರಮಾಣ ನೀವಿರುವ ಊರಿನ ವರ್ಗವನ್ನು ಹೇಳುತ್ತದೆ. ‘ಮುಂದಿನ ಮೇ ತಿಂಗಳಲ್ಲಿ ನಿವೃತ್ತಿ’ ಎಂದು ಸೇರಿಸಿದರೆ ಹುಟ್ಟಿದ ತಿಂಗಳೂ ಸಿಕ್ಕಿತು. ನೌಕರರ ಸಂಬಳವನ್ನು ಕಚೇರಿಗಳೇ ಪ್ರಕಟಿಸಬೇಕೆಂದು ಮಾಹಿತಿ ಹಕ್ಕು ಕಾಯಿದೆಯ 4ನೇ ಸೆಕ್ಷನ್ ಹೇಳುತ್ತದೆ. ಹಾಗಾಗಿ ಸಂಬಳ ನಿಜಕ್ಕೂ ರಹಸ್ಯವಲ್ಲ. ಅದಕ್ಕೆ ಉಳಿತಾಯ, ಸಾಲ, ನಿವೃತ್ತಿಯ ದಿನ ಇವುಗಳನ್ನು ಜೋಡಿಸಿದಾಗ ಅಪಾಯ ಹುಟ್ಟುತ್ತದೆ.

ಸಣ್ಣ ಜಿಲ್ಲೆಯಲ್ಲಿ ಕೆಲವು ಕೆಲಸಗಳೇ ಅಪರೂಪ. ಹಾಸನದಲ್ಲಿ ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರವಿದೆ; ‘ಹಾಸನ, ಕೇಂದ್ರ ಸರ್ಕಾರದ ತಾಂತ್ರಿಕ ಹುದ್ದೆ’ ಎಂದರೆ ಊಹೆಗೆ ಹೆಚ್ಚು ಜಾಗ ಉಳಿಯುವುದಿಲ್ಲ. ಬಾಳೆಹೊನ್ನೂರಿನ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆಯವರಿಗೂ, ತಾಲ್ಲೂಕು ಆಸ್ಪತ್ರೆಯ ಏಕೈಕ ತಜ್ಞ ವೈದ್ಯರಿಗೂ ಇದೇ ಕಷ್ಟ. ಇಂಥವರು ಜಿಲ್ಲೆಯನ್ನೇ ಬಿಟ್ಟು ‘ಕರ್ನಾಟಕದ ಸಣ್ಣ ನಗರ’ ಎಂದಷ್ಟೇ ಬರೆಯಬೇಕು.

ನೂರರ ಲೆಕ್ಕದಲ್ಲಿ ಬರೆಯುವುದು

ರೂಪಾಯಿಯನ್ನು ಪೂರ್ತಿಯಾಗಿ ತೆಗೆದುಹಾಕಿಯೂ ಲೆಕ್ಕವನ್ನು ಪೂರ್ತಿಯಾಗಿ ಹೇಳಲು ಸಾಧ್ಯವಿದೆ. ನಿಮ್ಮ ಸರಾಸರಿ ವಾರ್ಷಿಕ ಆದಾಯವನ್ನು 100 ಎಂದು ಇಟ್ಟುಕೊಂಡು ಉಳಿದೆಲ್ಲವನ್ನೂ ಅದರ ಪ್ರಮಾಣದಲ್ಲಿ ಬರೆಯಿರಿ. ಮೇಲೆ ಹೇಳಿದ ಬಾಳೆಹೊನ್ನೂರಿನ ಕಾಲ್ಪನಿಕ ಬೆಳೆಗಾರರ ಪ್ರಶ್ನೆ ಈ ಕ್ರಮದಲ್ಲಿ ಹೀಗಾಗುತ್ತದೆ:

‘ನನಗೂ ಪತ್ನಿಗೂ ಐವತ್ತರ ಆಸುಪಾಸು. ಆದಾಯ ಕೃಷಿಯಿಂದ. ಐದು ವರ್ಷಗಳ ನಿವ್ವಳ ಸರಾಸರಿ 100 ಎಂದರೆ, ಕೆಟ್ಟ ವರ್ಷ 55, ಒಳ್ಳೆಯ ವರ್ಷ 170. ಮನೆ ಖರ್ಚು 45. ಮಗುವಿನ ಓದಿಗೆ ಇನ್ನು ಕೆಲವು ವರ್ಷ, ವರ್ಷಕ್ಕೆ 20. ಉಳಿತಾಯ ಒಟ್ಟು 360. ಅದರಲ್ಲಿ ಶೇ 60 ಎಫ್‌ಡಿ, ಶೇ 25 ಪಿಪಿಎಫ್, ಶೇ 15 ಮ್ಯೂಚುಯಲ್ ಫಂಡ್. ಬೆಳೆ ಸಾಲ 70. ಭೂಮಿಯನ್ನು ಲೆಕ್ಕಕ್ಕೆ ಸೇರಿಸಿಲ್ಲ. ಅರವತ್ತಕ್ಕೆ ಉಸ್ತುವಾರಿ ಬಿಟ್ಟು ಫಸಲು ಗುತ್ತಿಗೆಗೆ ಕೊಡುವ ಯೋಚನೆ, ಆಗ ವರ್ಷಕ್ಕೆ 30 ಬರಬಹುದು. ಒಳ್ಳೆಯ ವರ್ಷದ ಹೆಚ್ಚುವರಿ ಹಣವನ್ನು ಮೊದಲು ಸಾಲಕ್ಕೆ ಹಾಕಬೇಕೋ, ಉಳಿತಾಯಕ್ಕೋ?’

ಇದರಲ್ಲಿ ಊರಿಲ್ಲ, ಎಕರೆ ಇಲ್ಲ, ಹೋಂಸ್ಟೇ ಇಲ್ಲ, ಮಗಳು ಏನು ಓದುತ್ತಿದ್ದಾಳೆ ಎಂಬುದಿಲ್ಲ. ಆದರೆ ಉತ್ತರಿಸುವವರಿಗೆ ಬೇಕಾದದ್ದೆಲ್ಲ ಇದೆ. ಉಳಿತಾಯ ಇಂದಿನ ಮನೆ ಖರ್ಚಿನ 8 ಪಟ್ಟು ಎಂದು ನೋಡಿದ ಕೂಡಲೇ ಬೆಚ್ಚಿಬೀಳುವವರಿಗೆ, ಗುತ್ತಿಗೆಯ 30 ಕಳೆದರೆ ತುಂಬಬೇಕಾದ ಕೊರತೆ 15 ಮಾತ್ರ, ಉಳಿತಾಯ ಆ ಕೊರತೆಯ 24 ಪಟ್ಟು ಎಂದು ಇನ್ನೊಬ್ಬರು ತೋರಿಸಬಲ್ಲರು. ಸಾಲದ 70 ತೀರಿಸಿದ ಮೇಲೆ ಅದು 19 ಪಟ್ಟಿಗೆ ಇಳಿಯುತ್ತದೆ ಎಂದು ಮೂರನೆಯವರು ನೆನಪಿಸಬಲ್ಲರು. ವರ್ಷಕ್ಕೆ ಶೇ 6ರಂತೆ ಬೆಲೆ ಏರಿದರೆ ಇಂದಿನ ಖರ್ಚು ಸುಮಾರು 12 ವರ್ಷಗಳಲ್ಲಿ ದುಪ್ಪಟ್ಟಾಗುತ್ತದೆ, ಗುತ್ತಿಗೆಯ ಮೊತ್ತವೂ ಅಷ್ಟೇ ಏರುತ್ತದೆಯೇ ಎಂದು ನಾಲ್ಕನೆಯವರು ಕೇಳಬಲ್ಲರು. ಪ್ರಶ್ನೆಯ ತಿರುಳು ಇರುವುದು ಆ ಕೊನೆಯ ಮಾತಿನಲ್ಲಿ. ಅಲ್ಲಿಗೆ ತಲುಪಲು ಒಂದು ರೂಪಾಯಿಯ ಅಂಕಿಯೂ ಬೇಕಾಗಲಿಲ್ಲ.

ಈ ಕ್ರಮಕ್ಕೆ ಒಂದು ತೂತಿದೆ. ಸರ್ಕಾರದ ಕೆಲವು ಯೋಜನೆಗಳಿಗೆ ಗರಿಷ್ಠ ಮಿತಿ ಇರುವುದರಿಂದ, ‘ಪಿಪಿಎಫ್ 15 ವರ್ಷವೂ ಪೂರ್ತಿ ಕಟ್ಟಿದ್ದೇನೆ’ ಎಂದರೆ ವರ್ಷಕ್ಕೆ 1.5 ಲಕ್ಷದ ಮಿತಿಯಿಂದ ಆ ಖಾತೆಯಲ್ಲಿ ಸುಮಾರು 40 ಲಕ್ಷ ಇದೆ ಎಂದು ತಿಳಿಯುತ್ತದೆ, ಅಲ್ಲಿಂದ ಹಿಂದಕ್ಕೆ ನಿಮ್ಮ 100 ಎಷ್ಟೆಂದು ಕಂಡುಹಿಡಿಯಬಹುದು. ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ ‘ಗರಿಷ್ಠ ಮೊತ್ತ ಇಟ್ಟಿದ್ದೇನೆ’ ಎಂದರೂ ಅಷ್ಟೇ. 2023ರ ಏಪ್ರಿಲ್‌ನಿಂದ ಅದರ ಮಿತಿ 30 ಲಕ್ಷ, ಶೇ 8.2ರ ಬಡ್ಡಿಯಲ್ಲಿ ಮೂರು ತಿಂಗಳಿಗೊಮ್ಮೆ 61,500 ರೂಪಾಯಿ ಬರುತ್ತದೆ ಎಂದು ಯಾರು ಬೇಕಾದರೂ ಗುಣಿಸಬಹುದು. ‘ಪೂರ್ತಿ’, ‘ಗರಿಷ್ಠ’ ಎಂಬ ಮಾತುಗಳನ್ನು ಬಿಡಿ.

ರೂಪಾಯಿಯಲ್ಲೇ ಕೇಳಬೇಕಾದ ಪ್ರಶ್ನೆಗಳೂ ಇವೆ. ತೆರಿಗೆಯ ಪ್ರಶ್ನೆಗಳು ಬಹುಪಾಲು ಹಾಗೆಯೇ. ಹೊಸ ತೆರಿಗೆ ಪದ್ಧತಿಯಲ್ಲಿ 2025-26ರಿಂದ 12 ಲಕ್ಷದವರೆಗಿನ ತೆರಿಗೆಯೋಗ್ಯ ಆದಾಯಕ್ಕೆ ರಿಯಾಯಿತಿ ಇರುವಾಗ, ಗಡಿಯ ಆಚೆ ಇದ್ದೀರೋ ಈಚೆ ಇದ್ದೀರೋ ಎಂದು ಹೇಳದೆ ಉತ್ತರ ಸಿಗದು. ಅಂಥ ಪ್ರಶ್ನೆಯನ್ನು ಬೇರೆಯಾಗಿ, ಕುಟುಂಬದ ವಿವರ ಏನೂ ಇಲ್ಲದೆ, ‘ಆದಾಯ 12ರಿಂದ 14 ಲಕ್ಷದ ನಡುವೆ’ ಎಂಬಷ್ಟೇ ವಿವರದಲ್ಲಿ ಕೇಳಿ.

ಚಿತ್ರಗಳು ಬೇಡ

ಪಾಸ್‌ಬುಕ್, ಸಂಬಳದ ಚೀಟಿ, ಫಾರಂ 16, ಪಿಎಫ್ ಪುಟ, ಯಾವುದರ ಚಿತ್ರವನ್ನೂ ಹಾಕಬೇಡಿ ಎಂಬುದು ನನ್ನ ನೇರ ಸಲಹೆ. ‘ನಂಬುವುದಿಲ್ಲ, ಸ್ಕ್ರೀನ್‌ಶಾಟ್ ತೋರಿಸಿ’ ಎನ್ನುವವರು ಸಿಗುತ್ತಾರೆ. ಅವರನ್ನು ನಂಬಿಸುವ ಹೊಣೆ ನಿಮ್ಮದಲ್ಲ. ಪಾಸ್‌ಬುಕ್ಕಿನ ಒಂದು ಪುಟವನ್ನು ಗಮನವಿಟ್ಟು ನೋಡಿ. ಖಾತೆ ಸಂಖ್ಯೆಯನ್ನು ಮುಚ್ಚಿದ್ದರೂ, ಪದೇ ಪದೇ ಜಮೆಯಾಗುವ ಡೇರಿ ಬಿಲ್ಲಿನ ಪಕ್ಕದಲ್ಲಿ ಹಾಲು ಉತ್ಪಾದಕರ ಸಂಘದ ಹೆಸರಿರುತ್ತದೆ, ಆ ಹೆಸರಿನಲ್ಲಿ ಊರಿರುತ್ತದೆ. ಪೆಟ್ರೋಲ್ ಬಂಕಿನ ಸಾಲಿನಲ್ಲಿ ಹೋಬಳಿ ಕೇಂದ್ರ, ಯುಪಿಐ ಸಾಲುಗಳಲ್ಲಿ ಅಂಗಡಿಯವರ, ಆಳುಗಳ, ಮಗನ ಹೆಸರು, ಕಾಲೇಜು ಶುಲ್ಕದ ಸಾಲಿನಲ್ಲಿ ಕಾಲೇಜು. ಹತ್ತು ಸಾಲುಗಳಲ್ಲಿ ಒಂದು ಮನೆಯ ಚಿತ್ರ ಪೂರ್ಣವಾಗುತ್ತದೆ.

ಅನಿವಾರ್ಯವಾಗಿ ಹಾಕಲೇಬೇಕಾದರೆ ಬೇಕಾದ ಭಾಗವನ್ನಷ್ಟೇ ಕತ್ತರಿಸಿ ತೆಗೆಯಿರಿ. ಫೋನಿನಲ್ಲಿ ಕಪ್ಪು ಬ್ರಷ್‌ನಿಂದ ತಿದ್ದಿದ್ದು ಸಾಲದು. ಕೆಲವು ಬ್ರಷ್‌ಗಳ ಬಣ್ಣ ಅರೆಪಾರದರ್ಶಕ, ಬೆಳಕು ಹೆಚ್ಚಿಸಿದರೆ ಕೆಳಗಿನ ಅಕ್ಷರ ಮೂಡುತ್ತದೆ. ಪಿಡಿಎಫ್‌ನಲ್ಲಿ ಕಪ್ಪು ಚೌಕ ಎಳೆದರೂ ಅಡಿಯಲ್ಲಿ ಅಕ್ಷರಗಳು ಹಾಗೆಯೇ ಇದ್ದು ನಕಲಿಗೆ ಸಿಗಬಹುದು. ಅದಕ್ಕಿಂತ ನಾಲ್ಕು ಅಂಕಿಗಳನ್ನು ಕೈಯಿಂದ ಟೈಪ್ ಮಾಡುವುದೇ ಸುಲಭ. ಪ್ಯಾನ್, ಪಿಎಫ್‌ನ ಯುಎಎನ್, ಎನ್‌ಪಿಎಸ್‌ನ ಪ್ರಾನ್, ಪಿಂಚಣಿಯ ಪಿಪಿಒ ಸಂಖ್ಯೆ, ರಾಜ್ಯ ಸರ್ಕಾರಿ ನೌಕರರ ವಿಮೆಯ ಕೆಜಿಐಡಿ ಸಂಖ್ಯೆ ಇವುಗಳಲ್ಲಿ ಯಾವುದೂ ಯಾವ ಸಲಹೆಗೂ ಬೇಕಾಗುವುದಿಲ್ಲ. ಕೇಳಿದವರೊಡನೆ ಮಾತು ಅಲ್ಲಿಗೇ ನಿಲ್ಲಲಿ.

ಚಿನ್ನದ ಬಗ್ಗೆ ಬರೆಯುವಾಗ ಇನ್ನೊಂದು ಎಚ್ಚರ. ಎಷ್ಟಿದೆ ಎಂದು ಪ್ರಮಾಣದಲ್ಲಿ ಹೇಳಬಹುದು, ಎಲ್ಲಿದೆ ಎಂದು ಹೇಳಬಾರದು. ಮಕ್ಕಳೆಲ್ಲ ಬೆಂಗಳೂರಿನಲ್ಲೋ ವಿದೇಶದಲ್ಲೋ ನೆಲೆಸಿ, ತೋಟದ ನಡುವಿನ ಒಂಟಿ ಮನೆಯಲ್ಲಿ ವಯಸ್ಸಾದ ದಂಪತಿ ಮಾತ್ರ ಇರುವುದು ಮಲೆನಾಡಿನಲ್ಲಿ ಈಗ ಸಾಮಾನ್ಯ ಸಂಗತಿ. ಆ ಮಕ್ಕಳು ಹೆತ್ತವರ ನಿವೃತ್ತಿಯ ಬಗ್ಗೆ ಕಾಳಜಿಯಿಂದಲೇ ಪ್ರಶ್ನೆ ಕೇಳುವಾಗ ‘ಅಪ್ಪ ಅಮ್ಮ ಇಬ್ಬರೇ ಇರುತ್ತಾರೆ, ಬ್ಯಾಂಕ್ ದೂರ, ಹಣವೆಲ್ಲ ಮನೆಯಲ್ಲೇ’ ಎಂದು ಬರೆದರೆ ಅದನ್ನು ಯಾರು ಓದುತ್ತಿದ್ದಾರೆ ಎಂದು ಹೇಳಲಾಗದು.

ಬಂದ ಉತ್ತರಗಳನ್ನು ತೂಗುವುದು

ಉತ್ತರಿಸಿದವರು ಯಾವ ಊರಿನಿಂದ, ಯಾವ ಬಗೆಯ ಆದಾಯದಿಂದ ಮಾತಾಡುತ್ತಿದ್ದಾರೆ ಎಂದು ಮೊದಲು ನೋಡಿ. ವಾರ್ಷಿಕ ಖರ್ಚಿನ 25 ಪಟ್ಟು ಉಳಿಸಿದರೆ ನಿವೃತ್ತರಾಗಬಹುದು ಎಂಬ ಮಾತು ಎಲ್ಲೆಡೆ ಕೇಳಿಬರುತ್ತದೆ. ಅದರ ಮೂಲ ವಿಲಿಯಂ ಬೆಂಗನ್ ಎಂಬ ಅಮೆರಿಕದ ಸಲಹೆಗಾರರು 1994ರಲ್ಲಿ ಪ್ರಕಟಿಸಿದ ಲೆಕ್ಕ. ಅಮೆರಿಕದ ಷೇರು ಮತ್ತು ಬಾಂಡ್‌ಗಳ ಇತಿಹಾಸವನ್ನು ಇಟ್ಟುಕೊಂಡು 30 ವರ್ಷದ ನಿವೃತ್ತಿಗೆ ಮಾಡಿದ್ದು. ಅಲ್ಲಿನ ಬೆಲೆ ಏರಿಕೆ ಬೇರೆ, ಇಲ್ಲಿನದು ಬೇರೆ. ಎಫ್‌ಡಿಯಲ್ಲೇ ಹಣ ಇಟ್ಟಿರುವ ಅರಸೀಕೆರೆಯ ತೆಂಗಿನ ತೋಟದವರಿಗೆ ಅದನ್ನು ಹಾಗೆಯೇ ಒಪ್ಪಿಸಿದರೆ ತಪ್ಪು ಲೆಕ್ಕವಾಗುತ್ತದೆ. ಬಡ್ಡಿದರ, ಮಿತಿ, ವಯಸ್ಸಿನ ನಿಯಮಗಳನ್ನು ಯಾರೇ ಹೇಳಿದರೂ ಅಂಚೆ ಕಚೇರಿಯಲ್ಲೋ ಸಂಬಂಧಪಟ್ಟ ಇಲಾಖೆಯ ಜಾಲತಾಣದಲ್ಲೋ ಖಚಿತಪಡಿಸಿಕೊಳ್ಳಬೇಕು. ಸಣ್ಣ ಉಳಿತಾಯಗಳ ಬಡ್ಡಿಯನ್ನು ಸರ್ಕಾರ ಮೂರು ತಿಂಗಳಿಗೊಮ್ಮೆ ಪರಿಶೀಲಿಸುತ್ತದೆಯಾದ್ದರಿಂದ ಹಳೆಯ ಉತ್ತರಗಳಲ್ಲಿನ ಅಂಕಿ ಬದಲಾಗಿರಬಹುದು.

ಇತರರ ಮೊತ್ತಗಳನ್ನು ನೋಡಿ ಎದೆಗುಂದುವ ಅಗತ್ಯವಿಲ್ಲ. ಕೋಟಿ ಉಳಿಸಿದವರು ಅದನ್ನು ಬರೆಯುತ್ತಾರೆ, ಏನೂ ಉಳಿಸದವರು ಸುಮ್ಮನೆ ಓದಿ ಹೋಗುತ್ತಾರೆ.

ಖಾಸಗಿ ಸಂದೇಶ ಬಂದಾಗ

ಉಳಿತಾಯದ ಬಗ್ಗೆ ಬರೆದ ಮೇಲೆ ‘ನಿಮ್ಮ ಬರಹ ನೋಡಿದೆ, ನಿಮ್ಮ ಎಫ್‌ಡಿಗಿಂತ ದುಪ್ಪಟ್ಟು ಬರುವ ದಾರಿ ಇದೆ’ ಎಂಬ ಖಾಸಗಿ ಸಂದೇಶ ಬಂದರೆ ಆಶ್ಚರ್ಯಪಡಬೇಡಿ. ಸಾರ್ವಜನಿಕವಾಗಿ ಹೇಳಲಾಗದ ಸಲಹೆಯನ್ನು ಖಾಸಗಿಯಾಗಿ ಕೇಳಬೇಡಿ ಎಂಬುದು ಇಲ್ಲಿನ ಸರಳ ನಿಯಮ. ಎಲ್ಲರ ಮುಂದೆ ಹೇಳಿದರೆ ತಪ್ಪನ್ನು ತಿದ್ದುವವರು ನಾಲ್ವರಿರುತ್ತಾರೆ, ಖಾಸಗಿಯಾಗಿ ನೀವೊಬ್ಬರೇ. ಮೊದಲು ವಾಟ್ಸಾಪ್ ಅಥವಾ ಟೆಲಿಗ್ರಾಂ ಗುಂಪಿಗೆ ಸೇರಿಸುತ್ತಾರೆ, ಒಂದು ಆ್ಯಪ್ ಹಾಕಿಸುತ್ತಾರೆ, ಅದರಲ್ಲಿ ಲಾಭ ದಿನೇದಿನೇ ಏರುತ್ತಿರುವುದು ಕಾಣುತ್ತದೆ, ಹಿಂದೆ ತೆಗೆಯಲು ಹೊರಟಾಗ ‘ಮೊದಲು ತೆರಿಗೆ ಕಟ್ಟಿ’ ಎನ್ನುತ್ತಾರೆ. ಲಾಭದ ಮೇಲಿನ ತೆರಿಗೆಯನ್ನು ಯಾವ ಬ್ರೋಕರೂ ಮುಂಗಡವಾಗಿ ಬೇರೆ ಖಾತೆಗೆ ಹಾಕಿಸಿಕೊಳ್ಳುವುದಿಲ್ಲ.

ಸಲಹೆಗೆ ಶುಲ್ಕ ಕೇಳುವವರು ಷೇರು ಮಾರುಕಟ್ಟೆಯ ನಿಯಂತ್ರಕ ಸಂಸ್ಥೆಯಾದ ಸೆಬಿಯಲ್ಲಿ ನೋಂದಾಯಿತ ಹೂಡಿಕೆ ಸಲಹೆಗಾರರಾಗಿರಬೇಕು. ಅವರ ನೋಂದಣಿ ಸಂಖ್ಯೆ ‘ಐಎನ್‌ಎ’ ಎಂದು ಆರಂಭವಾಗುತ್ತದೆ. ಸಂಖ್ಯೆ ಹೇಳಿದ ಮಾತ್ರಕ್ಕೆ ನಂಬದೆ ಸೆಬಿಯ ಜಾಲತಾಣದಲ್ಲಿ ಹುಡುಕಿ, ಅಲ್ಲಿರುವ ಫೋನ್ ನಂಬರಿಗೆ ನೀವೇ ಕರೆ ಮಾಡಿ, ಏಕೆಂದರೆ ಬೇರೆಯವರ ನಿಜವಾದ ಸಂಖ್ಯೆಯನ್ನು ಬಳಸುವ ಮೋಸಗಾರರೂ ಇದ್ದಾರೆ.

ನಿವೃತ್ತಿಯ ದಿನ ಹೇಳಿಕೊಂಡವರಿಗೆ ಬೇರೊಂದು ಬಗೆಯ ಕರೆ ಬರಬಹುದು. ಪಿಂಚಣಿ ಕಚೇರಿಯವರೆಂದು ಹೇಳಿ, ಜೀವನ ಪ್ರಮಾಣಪತ್ರ ನವೀಕರಿಸಬೇಕು ಎಂದು ಒಟಿಪಿ ಕೇಳುತ್ತಾರೆ. ನೀವು ಯಾವಾಗ, ಯಾವ ಇಲಾಖೆಯಿಂದ ನಿವೃತ್ತರಾದಿರಿ ಎಂದು ಅವರೇ ಹೇಳುವುದರಿಂದ ನಂಬಿಕೆ ಬರುತ್ತದೆ. ಆ ವಿವರ ನೀವೇ ಎಂದೋ ಬರೆದದ್ದಾಗಿರಬಹುದು. ಪಿಂಚಣಿ ಕಚೇರಿಯಾಗಲಿ ಬ್ಯಾಂಕಾಗಲಿ ಫೋನಿನಲ್ಲಿ ಒಟಿಪಿ ಕೇಳುವುದಿಲ್ಲ. ಇನ್ನು ಪೊಲೀಸರ ಸೋಗಿನಲ್ಲಿ ವಿಡಿಯೊ ಕರೆ ಮಾಡಿ, ನಿಮ್ಮನ್ನು ಬಂಧಿಸಿದ್ದೇವೆ ಎಂದು ಹೆದರಿಸಿ ಹಣ ಕೇಳುವವರೂ ಇದ್ದಾರೆ; ‘ಡಿಜಿಟಲ್ ಅರೆಸ್ಟ್’ ಎಂಬ ವ್ಯವಸ್ಥೆ ನಮ್ಮ ಯಾವ ಕಾನೂನಿನಲ್ಲೂ ಇಲ್ಲ.

ಹಣ ಹೋದರೆ ನಾಚಿಕೆಯಿಂದ ಒಂದು ರಾತ್ರಿಯನ್ನೂ ಕಳೆಯಬೇಡಿ. ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ, ಕೂಡಲೇ ಬ್ಯಾಂಕಿಗೆ ದೂರು, ಅನಂತರ ಜಿಲ್ಲಾ ಕೇಂದ್ರದಲ್ಲಿ ಸೈಬರ್ ಅಪರಾಧಗಳನ್ನು ನೋಡಿಕೊಳ್ಳುವ ಸೆನ್ ಪೊಲೀಸ್ ಠಾಣೆ. ಹಣ ಇನ್ನೊಂದು ಖಾತೆಯಿಂದ ಮುಂದಕ್ಕೆ ಸಾಗುವ ಮೊದಲು ತಡೆಹಿಡಿಯುವ ಅವಕಾಶ ಆರಂಭದ ಕೆಲವು ಗಂಟೆಗಳಲ್ಲೇ ಹೆಚ್ಚು. ನೀವೇ ಒಟಿಪಿ ಕೊಟ್ಟಿದ್ದರೆ ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ನಿಮ್ಮ ತಲೆಯ ಮೇಲೆಯೇ ಇರುತ್ತದೆ, ತಿಳಿಸಿದ ನಂತರ ಆಗುವ ನಷ್ಟ ಬ್ಯಾಂಕಿನದು ಎಂದು ರಿಸರ್ವ್ ಬ್ಯಾಂಕಿನ 2017ರ ಸುತ್ತೋಲೆ ಹೇಳಿದೆ. ಆದ್ದರಿಂದ ದೂರಿನ ಸಮಯವನ್ನೂ ದೂರಿನ ಸಂಖ್ಯೆಯನ್ನೂ ಬರೆದಿಟ್ಟುಕೊಳ್ಳಿ.

ನಿಮ್ಮದಲ್ಲದ ಅಂಕಿ, ಹಳೆಯ ಬರಹ

ಪತ್ನಿಯ ಸಂಬಳ, ಅಪ್ಪನ ಪಿಂಚಣಿ, ಅಣ್ಣನ ಸಾಲ ಇವು ನಿಮ್ಮ ಲೆಕ್ಕದಲ್ಲಿ ಸೇರುತ್ತವೆಯಾದರೂ ಹೇಳುವ ಹಕ್ಕು ನಿಮ್ಮದಲ್ಲ. ಬರೆದದ್ದನ್ನು ಹಾಕುವ ಮೊದಲು ಅವರಿಗೆ ಓದಿ ಹೇಳಿ. ಒಪ್ಪದಿದ್ದರೆ ‘ಕುಟುಂಬದ ಒಟ್ಟು ಆದಾಯ’ ಎಂದು ಸೇರಿಸಿ ಬರೆಯಬಹುದು. ಸಂಬಳದ ವಿವರ ಹೊರಗೆ ಹೇಳಬಾರದೆಂದು ನೇಮಕಾತಿ ಪತ್ರದಲ್ಲಿ ಷರತ್ತಿದೆಯೇ ಎಂಬುದನ್ನೂ ನೋಡಿಕೊಳ್ಳಿ.

ಹಣದ ಚರ್ಚೆಗೆ ಬೇರೆಯೇ ಬಳಕೆದಾರ ಹೆಸರನ್ನೂ ಬೇರೆಯೇ ಇಮೇಲ್ ವಿಳಾಸವನ್ನೂ ಇಟ್ಟುಕೊಳ್ಳಿ. ಮೆಣಸು ಮಾರಾಟಕ್ಕೆ, ಹೋಂಸ್ಟೇ ಪ್ರಚಾರಕ್ಕೆ, ಕಾರು ಮಾರಲು ಬಳಸಿದ ಹೆಸರಿನಲ್ಲೇ ಉಳಿತಾಯದ ಬಗ್ಗೆಯೂ ಬರೆದರೆ ಮೇಲಿನ ಎಲ್ಲ ಎಚ್ಚರವೂ ವ್ಯರ್ಥ; ಹಳೆಯ ಬರಹಗಳನ್ನು ಒಂದರ ಪಕ್ಕ ಒಂದಿಟ್ಟು ಓದುವವರಿಗೆ ಊರು, ಬೆಳೆ, ಫೋನ್ ನಂಬರ್ ತಾನಾಗಿ ಸಿಗುತ್ತವೆ. ಆರು ತಿಂಗಳಿಗೊಮ್ಮೆ ನಿಮ್ಮ ಹಿಂದಿನ ಬರಹಗಳನ್ನು ಅಪರಿಚಿತರ ಕಣ್ಣಿನಿಂದ ಒಮ್ಮೆ ಓದಿ, ಗುರುತು ಕೊಡುವ ಸಾಲುಗಳನ್ನು ಮಾತ್ರ ತಿದ್ದಿ. ಪೂರ್ತಿ ಅಳಿಸಿದರೆ ಉತ್ತರಿಸಿದವರ ಶ್ರಮವೂ ಹೋಗುತ್ತದೆ, ಅದೇ ಪ್ರಶ್ನೆಯಿಟ್ಟುಕೊಂಡು ಬರುವ ಇನ್ನೊಬ್ಬ ಬೆಳೆಗಾರರಿಗೂ ನೌಕರರಿಗೂ ಏನೂ ಸಿಗುವುದಿಲ್ಲ. ಸಾಧ್ಯವಾದರೆ ವರ್ಷ ಕಳೆದ ಮೇಲೆ ಅದೇ ನೂರರ ಲೆಕ್ಕದಲ್ಲಿ, ಯಾವ ಸಲಹೆಯನ್ನು ಅನುಸರಿಸಿದಿರಿ, ಸಾಲ 70ರಿಂದ ಎಷ್ಟಕ್ಕೆ ಇಳಿಯಿತು ಎಂದು ಕೆಳಗೆ ಎರಡು ಸಾಲು ಸೇರಿಸಿ.